ನೇರಳೆ ವೈನಿನ ಚೀಟಿ

ಆಲ್ದೂರು
7 ಡಿಸೆಂಬರ್ 2008, ಭಾನುವಾರ

ಪ್ರಿಯ ತಿಮ್ಮಪ್ಪ,

ಕ್ಷೇಮ ಸಮಾಚಾರ ಆಮೇಲೆ ಕೇಳುತ್ತೇನೆ. ನವೆಂಬರ್ ಹದಿನಾರರ ಸಂಜೆ, ಚಿಕ್ಕಮಗಳೂರಿನಲ್ಲಿ ಹರ್ಷವರ್ಧನನ ವೈನ್ ಅಂಗಡಿಯ ಮಹಡಿಯ ಮೇಲೆ, ನಲವತ್ತು ಜನರ ಎದುರು ನಿಂತು, ನಿನ್ನ ತೋಟದಲ್ಲಿ ಕೂಲಿಗಿದ್ದ ದ್ಯಾವಮ್ಮ ಮಾಡಿದ ನೇರಳೆ ವೈನನ್ನು ನೀನು ನಿನ್ನ ತಾಯಿ ಮಾಡಿದ್ದು ಎಂದೆ.

ಇಷ್ಟು ಬರೆಯಲು ನನಗೆ ಮೂರು ವಾರ ಹಿಡಿಯಿತು. ತಡವಾದದ್ದಕ್ಕೆ ಕ್ಷಮಿಸು. ಮೊದಲು ಪತ್ರಿಕೆಯ ಓದುಗರ ಅಂಕಣಕ್ಕೆಂದು ಬರೆದೆ, ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ರಸ್ತೆ ಗುಂಡಿಯಿಂದ ಹಿಡಿದು ಗ್ರಂಥಾಲಯದಲ್ಲಿ ಕಾಣೆಯಾದ ಪುಸ್ತಕದವರೆಗೆ ಎಲ್ಲದಕ್ಕೂ ಪತ್ರಿಕೆಗೆ ಬರೆಯುವವನು ನಾನು. "ಹೆಂಡ್ತಿ ಸಾರಿಗೆ ಉಪ್ಪು ಕಮ್ಮಿ ಹಾಕಿದ್ರೂ ಸಂಪಾದಕರಿಗೆ ಬರೀತೀಯಲ್ಲ ಮಾರಾಯ" ಎಂದು ನೀನೇ ನಗುತ್ತಿದ್ದೆ. ಇದೊಂದನ್ನು ಅಲ್ಲಿಗೆ ಕಳಿಸಲಾಗಲಿಲ್ಲ. ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು ನಾವು.

ವಸಂತಮ್ಮನವರ ಮಂಡಿ ನೋವು ಹೇಗಿದೆ? ಆ ಸಂಜೆ ಮೆಟ್ಟಿಲು ಹತ್ತಲು ನಿನ್ನ ಹೆಗಲು ಹಿಡಿದಿದ್ದರು. ನೀನು ಮಾತಾಡುವಾಗ ಅವರು ತಲೆ ತಗ್ಗಿಸಿ ಕೂತದ್ದನ್ನು ನಾನು ನೋಡಿದೆ. ನಿನ್ನ ಹೆಂಡತಿಗೆ ಸತ್ಯ ಗೊತ್ತು.

ಹರ್ಷವರ್ಧನ ಅಪ್ಪನ ಕಾಲದ ಬ್ರಾಂಡಿ ಅಂಗಡಿಯ ಮೇಲೆ ಮಹಡಿ ಎಬ್ಬಿಸಿ, ತಿಂಗಳಿಗೊಮ್ಮೆ ವೈನ್ ರುಚಿ ನೋಡುವ ಸಂಜೆ ನಡೆಸುವುದಕ್ಕೆ ನನ್ನ ಆಕ್ಷೇಪವಿಲ್ಲ. ನಾನೂ ಹೋಗುತ್ತೇನೆ, ಗೋಡಂಬಿ ಚೆನ್ನಾಗಿರುತ್ತದೆ. ಆ ದಿನ ಬೆಂಗಳೂರಿನಿಂದ ಬಂದಿದ್ದ ಪರಿಣತ ಗ್ಲಾಸು ತಿರುಗಿಸಿದ್ದು, ಮೂಸಿದ್ದು, ಬಾಯಲ್ಲಿ ಮುಕ್ಕಳಿಸಿ ಸ್ಟೀಲ್ ಬಕೆಟ್ಟಿಗೆ ಉಗಿದದ್ದು, ಎಲ್ಲವನ್ನೂ ಜನ ಪೂಜೆ ನೋಡುವಂತೆ ನೋಡಿದರು. ಕೊನೆಗೆ ಮನೆ ವೈನುಗಳ ಸರದಿ. ನಿನ್ನ ಬಾಟಲಿಯದ್ದನ್ನು ಮಾತ್ರ ಆತ ಉಗಿಯಲಿಲ್ಲ, ನುಂಗಿದ. "ಇದರಲ್ಲಿ ಯಾವುದೋ ಹೂವಿದೆ. ಮಲ್ಲಿಗೆ ಅಲ್ಲ. ಏನು ಸಾರ್ ಇದು?" ಎಂದು ಕೇಳಿದ. ನಿನಗೆ ಗೊತ್ತಿರಲಿಲ್ಲ ತಿಮ್ಮಪ್ಪ. ನೀನು ಮೀಸೆ ಒರೆಸಿಕೊಂಡು, "ಅದು ನಮ್ಮ ತಾಯಿ ಯಶೋದಮ್ಮನವರ ಗುಟ್ಟು. ಅವರ ಜೊತೆಗೇ ಹೋಯ್ತು" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕೈ ತಾನಾಗಿ ಎದ್ದಿತು, ಆಮೇಲೆ ಉರಿಯಿತು.

ಯಶೋದಮ್ಮನವರ ಮೇಲೆ ನನಗಿರುವ ಗೌರವ ನಿನಗೆ ಗೊತ್ತು. ಓದುವ ದಿನಗಳಲ್ಲಿ ಅವರ ಕೈಯ ಕಡುಬು ತಿಂದೇ ನಾನು ಬೆಳೆದೆ. ಆದರೆ ಆ ತಾಯಿ ವೈನಿನ ಭರಣಿ ಇದ್ದ ಕೋಣೆಯ ಮುಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ಅವರು ತೀರಿಕೊಂಡದ್ದು 1991ರಲ್ಲಿ. ಆ ಬಾಟಲಿಯ ಮೇಲಿನ ಚೀಟಿಯಲ್ಲಿ 1998 ಎಂದಿದೆ. ನೀನು ಓದಲಿಲ್ಲವೇ?

ಆ ಹೂವು ಯಾವುದೆಂದು ಈಗ ಹೇಳುತ್ತೇನೆ. ಕಾಫಿ ಹೂವು. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ವಾರದಲ್ಲಿ ದ್ಯಾವಮ್ಮ ಗಿಡದ ಕೆಳಗೆ ಉದುರಿದ್ದನ್ನು ಮಾತ್ರ ಆರಿಸಿ, ನೆರಳಲ್ಲಿ ಒಣಗಿಸಿ ಇಡುತ್ತಿದ್ದಳು. ಜೂನ್‌ನಲ್ಲಿ ನೇರಳೆ ಹಾಕಿದ ಮೇಲೆ ದಿನಾ ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಭರಣಿಗೆ ಕಿವಿಯಿಟ್ಟು ಕೇಳುತ್ತಿದ್ದಳು. ಒಳಗೆ ಹುದುಗುವ ಗುಸುಗುಸು ಪೂರ್ತಿ ನಿಂತ ದಿನ ಆ ಹೂವನ್ನು ಹಳೇ ಸೀರೆಯ ಚೂರಿನಲ್ಲಿ ಗಂಟು ಕಟ್ಟಿ ಭರಣಿಯೊಳಗೆ ಮೂರು ದಿನ ಇಳಿಬಿಡುತ್ತಿದ್ದಳು. ಯಾರೂ ಕಲಿಸಿದ್ದಲ್ಲ. ಚಿಕ್ಕವಳಿದ್ದಾಗ ಬಾಳೆಹೊನ್ನೂರು ಕಡೆಯ ತೋಟವೊಂದರಲ್ಲಿ ಬಿಳಿ ದೊರೆಯ ಬಟ್ಲರ್ ವೈನಿಗೆ ದ್ರಾಕ್ಷಿ ಹಾಕುವುದನ್ನು ಕಂಡಿದ್ದಳಂತೆ, ಅಷ್ಟೆ. ಹೂವಿನ ಉಪಾಯ ಆಕೆಯದೇ.

ಅರೇಬಿಕಾ ಕೊಯ್ಲು ಮುಗಿದ ಮೊದಲ ಭಾನುವಾರ ನಿನ್ನ ಕಣದಲ್ಲಿ ನಡೆಯುತ್ತಿದ್ದದ್ದೂ ವೈನ್ ರುಚಿ ನೋಡುವ ಕಾರ್ಯಕ್ರಮವೇ ಅಲ್ಲವೇ? ಒಂದು ಬದಿಗೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಪಾರ್ಚ್‌ಮೆಂಟ್, ಹರಡಿರುತ್ತಿತ್ತು, ಬಿಸಿಲಿಗೆ ಅದರ ಹುಳಿವಾಸನೆ. ಇನ್ನೊಂದು ಬದಿಗೆ ನಮ್ಮ ಕುರ್ಚಿಗಳು, ಸುಟ್ಟ ಹಂದಿಮಾಂಸದ ತಟ್ಟೆ. ಮೊದಲ ಗುಟುಕು ದ್ಯಾವಮ್ಮನದು. ಆಕೆ ಒಪ್ಪದೆ ಯಾವ ಬಾಟಲಿಯೂ ನಮ್ಮ ಬಳಿ ಬರುತ್ತಿರಲಿಲ್ಲ. ನಮಗೆ ಗ್ಲಾಸು, ಆಕೆಗೆ ಅಂಗೈ. ಮೇಲಿಂದ ನೀನು ಹೊಯ್ಯುತ್ತಿದ್ದೆ. ಆಕೆ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಪಕ್ಕದ ಕಾಫಿ ಗಿಡದ ಬುಡಕ್ಕೆ ಉಗಿಯುತ್ತಿದ್ದಳು. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಮೇಸ್ತ್ರಿ ನಿಂಗಯ್ಯ, "ಏನ್ ದ್ಯಾವಮ್ಮ, ಇಂಥಾ ಮಾಲನ್ನ ಗಿಡಕ್ಕೆ ಕುಡಿಸ್ತೀಯಲ್ಲ" ಅಂದರೆ, "ಗಿಡ ಕುಡ್ದು ಬಂದು ಹಾಜರಿ ತಪ್ಪು ಬರ್ಯಲ್ಲ ಮೇಸ್ತ್ರಿ" ಅನ್ನುತ್ತಿದ್ದಳು. ಆ ನಗುವಿನಷ್ಟು ಒಳ್ಳೆಯ ನಗು ನನ್ನ ಬಾಳಿನಲ್ಲಿ ಬೇರೆ ಇಲ್ಲ. ನಿನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ ಆ ಭಾನುವಾರಗಳಿಗಾಗಿ ನನ್ನ ಜೀವ ಎಳೆಯುತ್ತದೆ.

ಕಾಫಿ ಬೆಲೆ ಬಿದ್ದ ವರ್ಷ ನೀನು ಕೂಲಿ ಲೈನಿನ ಮನೆಗಳ ಅರ್ಧ ಜನರನ್ನು ಕೆಲಸದಿಂದ ಕಳಿಸಿದೆ. ದ್ಯಾವಮ್ಮ ಅವರಲ್ಲೊಬ್ಬಳು. ಈಗ ಇಲ್ಲೇ ಆಲ್ದೂರಿನಲ್ಲಿ ಮಗಳು ತಂಗಮ್ಮನ ಮನೆಯಲ್ಲಿದ್ದಾಳೆ. ಕಳೆದ ವಾರ ಹೋಗಿದ್ದೆ. ಒಂದು ಕಿವಿ ಪೂರ್ತಿ ಹೋಗಿದೆ, ಭರಣಿಗೆ ಇಡುತ್ತಿದ್ದ ಕಿವಿಯೇ. ನಡೆದದ್ದನ್ನೆಲ್ಲ ಕೂಗಿ ಕೂಗಿ ಹೇಳಿದೆ. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಆಕೆ ಕೇಳಿದ್ದು ಬೇರೆ.

"ಹತ್ತು ವರ್ಷ ಇಟ್ಟಿದ್ರೂ ಹುಳಿ ತಿರುಗಿರ್ಲಿಲ್ವಾ ಮೇಷ್ಟ್ರೆ?"

"ಇಲ್ಲ ದ್ಯಾವಮ್ಮ."

"ಹೂವಿನ ವಾಸನೆ ಇತ್ತಾ?"

"ಅದನ್ನೇ ಅವನು ಕೇಳಿದ್ದು."

ಆಮೇಲೆ, "ಆ ಬೆಂಗ್ಳೂರೋರು ಉಗಿವಾಗ ಯಾರೂ ನಗ್ಲಿಲ್ವಾ?" ಎಂದಳು.

ತಂಗಮ್ಮ ಒಳಗಿನಿಂದ, "ಅಯ್ಯನೋರು ಅವರಮ್ಮನ ಹೆಸರು ಹೇಳ್ಕೊಂಡ್ರೆ ಹೇಳ್ಕೊಳ್ಲಿ ಬಿಡಿ ಮೇಷ್ಟ್ರೆ, ನಮ್ಗ್ಯಾಕೆ ದೊಡ್ಡೋರ ಸಾವಾಸ" ಅಂದಳು. ದ್ಯಾವಮ್ಮನಿಗೆ ಅದು ಕೇಳಿಸಲಿಲ್ಲ.

ಹರ್ಷವರ್ಧನ ನಿನ್ನೆ ಸಿಕ್ಕಿದ್ದ. ಡಿಸೆಂಬರ್ ಇಪ್ಪತ್ತೊಂದರ ಸಂಜೆ ಯಶೋದಮ್ಮನವರ ಫೋಟೋ ಹಾಕಿಸಿ, ಕೆಳಗೆ "ನಮ್ಮ ಬೆಟ್ಟದ ಮೊದಲ ವೈನ್ ತಾಯಿ" ಎಂದು ಬರೆಸುತ್ತಾನಂತೆ. ನೀನು ಫೋಟೋ ಕೊಟ್ಟೂ ಆಗಿದೆಯಂತೆ. ಬಾಯಿ ಮಾತು ಗಾಳಿಗೆ ಹೋಗುತ್ತದೆ ಎಂದು ನಾನು ಸುಮ್ಮನಿರಬಹುದಿತ್ತು. ಗೋಡೆಗೆ ಮೊಳೆ ಹೊಡೆದ ಮೇಲೆ ನಮ್ಮ ಮೊಮ್ಮಕ್ಕಳು ಅದನ್ನೇ ಓದಿ ನಂಬುತ್ತಾರೆ. ಆ ಮೊಳೆ ಬೀಳಬಾರದು. ನಿನ್ನ ತಾಯಿಯ ಹೆಸರು ಉಳಿಸಲು ಸುಳ್ಳು ಬೇಕಾಗಿಲ್ಲ. ಅವರ ಕಡುಬಿನ ವಿಷಯ ಹೇಳು, ನಾನೇ ಎದ್ದು ಸಾಕ್ಷಿ ನುಡಿಯುತ್ತೇನೆ.

ಚಳಿ ಜೋರಾಗಿದೆ, ಬೆಳಗ್ಗೆ ಕಣಕ್ಕೆ ಹೋಗುವಾಗ ಕಿವಿ ಮುಚ್ಚಿಕೊ. ವಸಂತಮ್ಮನವರಿಗೆ ನಮಸ್ಕಾರ, ಮೊಮ್ಮಗಳು ರೂಪಶ್ರೀಗೆ ಆಶೀರ್ವಾದ. ನಿನ್ನ ಕೊಯ್ಲು ಚೆನ್ನಾಗಿ ಆಗಲಿ. ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿನ್ನ,
ಬಸವರಾಜಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ಬಾಟಲಿಯ ಮೇಲಿರುವುದು ನನ್ನ ಅಕ್ಷರ. ಪ್ರತಿ ವರ್ಷ ಚೀಟಿ ಬರೆಯುತ್ತಿದ್ದವನು ನಾನೇ: "ನೇರಳೆ, ತಿಮ್ಮಪ್ಪನವರ ತೋಟ." 98ರಲ್ಲಿ ದ್ಯಾವಮ್ಮ ಕೈ ಒರೆಸಿಕೊಂಡು ನನ್ನ ಪಕ್ಕ ಬಂದು ನಿಂತು, "ಒಂದ್ರ ಮೇಲೆ ನನ್ ಹೆಸ್ರು ಬರೀರಿ ಮೇಷ್ಟ್ರೆ, ಹೆಂಗೆ ಕಾಣ್ತದೆ ನೋಡ್ತೀನಿ" ಎಂದಳು. "ಚೀಟೀಲಿ ಜಾಗ ಇಲ್ಲ ಕಣೆ" ಎಂದೆ. ಮೂವತ್ತೆರಡು ವರ್ಷ ಮಕ್ಕಳಿಗೆ ಹೆಸರು ಬರೆಯಲು ಕಲಿಸಿದವನು. ಜಾಗ ಇತ್ತು ತಿಮ್ಮಪ್ಪ, ಅರ್ಧ ಚೀಟಿ ಖಾಲಿ ಇತ್ತು. ನಿನಗೆ ಆ ಸುಳ್ಳು ಹೇಳಲು ಸಾಧ್ಯವಾದದ್ದೇ ಅದರಿಂದ.

ಇಪ್ಪತ್ತೊಂದರ ಸಂಜೆ ದ್ಯಾವಮ್ಮನನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ. ಮೊದಲು ನಾನು ಎದ್ದು ಈ ಚೀಟಿಯ ವಿಷಯ ಹೇಳುತ್ತೇನೆ. ಆಮೇಲೆ ಅದೇ ಜನರ ಎದುರು ನಿನ್ನನ್ನು ಕೇಳುತ್ತೇನೆ: ಈ ವೈನ್ ಯಾರು ಮಾಡಿದ್ದು? ಉತ್ತರ ನನಗೆ ಬರೆದು ಕಳಿಸಬೇಡ. ಅಲ್ಲೇ ಹೇಳು, ಆಕೆಗೆ ಕೇಳಿಸುವಷ್ಟು ಗಟ್ಟಿಯಾಗಿ.