ಭಾವಯ್ಯನ ಹೆಸರಿನ ಲಾಗಿನ್

ಭಾವಯ್ಯ,

ನಿಮ್ಮ ಹದಿಮೂರನೆಯ ದಿನದ ಊಟ ಮುಗಿದ ಮರುದಿನ ಕುಂದಾಪುರದ ಆಫೀಸಿಗೆ ಹೋದೆ. ಮೊದಲು ಮಾಡಬೇಕಿದ್ದ ಕೆಲಸ ನಿಮ್ಮ ಖಾತೆಯನ್ನು ಮುಚ್ಚುವುದು. ನಮ್ಮ ಮೀನಿನ ಕಂಪನಿಯಲ್ಲಿ ಯಾರು ಕಂಪ್ಯೂಟರಿನ ಒಳಗೆ ಹೋಗಬಹುದು, ಯಾರು ಏನನ್ನು ನೋಡಬಹುದು ಎಂಬ ಪಟ್ಟಿ ಈಗ ಎಲ್ಲೋ ದೂರದ ಕ್ಲೌಡಿನಲ್ಲಿದೆ. ಅದರ ಬೀಗದ ಕೈ ನನ್ನ ಹತ್ತಿರ. ಸೇರಿದವರ ಹೆಸರು ಸೇರಿಸುತ್ತೇನೆ, ಬಿಟ್ಟವರದ್ದು ತೆಗೆಯುತ್ತೇನೆ. ಸತ್ತವರಿಗೆಂದು ಬೇರೆ ಗುಂಡಿಯಿಲ್ಲ. ಬಿಟ್ಟುಹೋದವರಿಗೆ ಒತ್ತುವುದನ್ನೇ ಒತ್ತಬೇಕು.

ಒತ್ತುವ ಮೊದಲು ಕೊನೆಯ ಲಾಗಿನ್ ಯಾವಾಗ ಎಂದು ನೋಡುವುದು ಕ್ರಮ. ಅಂದು ಬೆಳಿಗ್ಗೆ ಆರೂ ಹತ್ತು ಎಂದಿತ್ತು. ಹಿಂದಿನ ದಿನವೂ ಆರೂ ಹತ್ತು. ನಿಮ್ಮನ್ನು ಸುಟ್ಟ ದಿನ ಮಾತ್ರ ಏಳಕ್ಕೆ ಐದು ನಿಮಿಷ ಬಾಕಿ. ಶಿರೂರು ಘಟಕ, ಶೀತಲ ಕೋಣೆಗಳ ಉಷ್ಣತೆ, ದಾಖಲಿಸಿದವರು ನೀವು. ನನಗೆ ಭಯವಾಗಲಿಲ್ಲ. ಭಯಕ್ಕಿಂತ ಸಣ್ಣದೇನೋ ಆಯಿತು. ಸತ್ತ ಮನುಷ್ಯ ಹದಿಮೂರು ದಿನ ತಪ್ಪದೆ ಕೆಲಸಕ್ಕೆ ಬಂದಿದ್ದಾನೆ, ಬದುಕಿರುವ ನಾನು ಎರಡು ವಾರ ರಜೆಯಲ್ಲಿದ್ದೆ...

ಲಾಗಿನ್ನಿನ ಕೋಡ್ ಬರುತ್ತಿದ್ದ ಮೊಬೈಲ್ ನಂಬರ್ ನಿಮ್ಮದಲ್ಲ ಎಂದು ಆಗ ಕಂಡಿತು. ಫೋನ್ ಮಾಡಿದೆ. ಹೆಂಗಸಿನ ದನಿ, ಹಿಂದೆ ಯಂತ್ರಗಳ ಸದ್ದು.

"ಹ್ವಾಯ್, ಯಾರ್? ಬೇಗ ಹೇಳಿ, ಕೈ ಒದ್ದೆ ಇತ್ತ್."

ಗಿರಿಜಾ. ನೀವು ಗುಣಮಟ್ಟ ನೋಡಿಕೊಳ್ಳುತ್ತಿದ್ದ ಶಿರೂರು ಘಟಕದಲ್ಲಿ ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲಿದ್ದವಳು. ಅವಳ ಮುಖವನ್ನು ನಾನು ನೋಡಿದ್ದೆನೇ? ನೋಡಿರಬೇಕು. ನನ್ನ ಪಟ್ಟಿಯಲ್ಲಿ ಇಲ್ಲದವರನ್ನು ನಾನು ಅಷ್ಟಾಗಿ ನೋಡಿದವನಲ್ಲ.

ಖಾತೆಯನ್ನು ಮುಚ್ಚದೆ ಹಾಗೇ ಬಿಟ್ಟು, ಮಾರನೆಯ ದಿನ ಬಸ್ಸು ಹತ್ತಿ ಶಿರೂರಿಗೆ ಹೋದೆ. ಅವಳು ಮೊಣಕಾಲಿನವರೆಗಿನ ರಬ್ಬರ್ ಬೂಟಿನಲ್ಲೇ ಹೊರಗೆ ಬಂದಳು.

"ನೀವ್ ಅವ್ರ್ ಭಾವ ಅಲ್ದಾ? ಕೂಕಣಿ. ಬೈಯ್ಯುದಾರೆ ಬೇಗ ಬೈರಿ, ಒಳ್ಗ್ ಸಿಗಡಿ ಕಾಯ್ತಾ ಇತ್ತ್."

"ಅವ್ರ್ ಪಾಸ್‌ವರ್ಡ್ ನಿಂಗೆ ಹ್ಯಾಂಗೆ ಸಿಕ್ತ್?"

"ಕದ್ದದ್ದಲ್ಲ ಮರ್ರೆ, ಅವ್ರೇ ಕೊಟ್ಟದ್ದ್. ಏಳ್ ವರ್ಷ ಆಯ್ತ್. ಅವ್ರ್ ಬಪ್ಪುದ್ ಒಂಬತ್ತ್ ಗಂಟಿಗೆ, ಲಾರಿ ಹೋಪುದ್ ಏಳ್ ಗಂಟಿಗೆ. ಮಧ್ಯ ಉಷ್ಣ ಕಂಡ್ ಬರಿಯುದ್ ಯಾರ್, ದೆವ್ವವಾ?"

"ಸತ್ತ್ ಮೇಲೂ ಅವ್ರ್ ಹೆಸ್ರಲ್ಲೇ ಎಂತಕ್ಕೆ ಬರ್ದದ್ದ್?"

"ಅವ್ರ್ ಸತ್ತದ್ದ್ ಮೀನಿಗ್ ಗೊತ್ತಿತ್ತಾ?" ಎಂದಳು. ಬೂಟಿನ ನೀರು ಕೊಡವಿ, "ಅವ್ರನ್ನ್ ಸುಟ್ಟ ದಿನ ಮಾತ್ರ ತಡ ಆಯ್ತ್. ಬೈಂದೂರಿಗೆ ಅವ್ರ್ ಮನಿಗ್ ಹೋಯಿ ಮುಖ ಕಂಡ್ಕಂಡ್ ಬಂದೆ" ಎಂದಳು.

ನಿಮ್ಮ ಶೋಕಸಭೆಯಲ್ಲಿ ಯಜಮಾನರು ಆಡಿದ ಮಾತು ಆಗ ನೆನಪಾಯಿತು. ನಿಮ್ಮ ಕಣ್ಣು ತಪ್ಪಿಸಿ ಒಂದು ಪೆಟ್ಟಿಗೆ ಕೆಟ್ಟ ಮೀನೂ ಶಿರೂರು ದಾಟಿಲ್ಲ, ಎಷ್ಟು ಲಾರಿಗಳನ್ನು ಮುಂಜಾನೆ ತಡೆದು ನಿಲ್ಲಿಸಿದ್ದೀರಿ ಎಂದಿದ್ದರು. ಮುಂಜಾನೆ! ನೀವು ಮನೆಯಲ್ಲಿ ಹಲ್ಲುಜ್ಜುತ್ತಿದ್ದ ಹೊತ್ತು. ಏಳು ವರ್ಷ ಅಂಥ ಹೊಗಳಿಕೆಯನ್ನು ನೀವು ಸುಮ್ಮನೆ ಕೇಳಿಸಿಕೊಂಡಿರಲ್ಲ, ಅರ್ಧವನ್ನಾದರೂ ಅವಳಿಗೆ ದಾಟಿಸಬೇಕು ಅನ್ನಿಸಲಿಲ್ಲವೇ? ಅಥವಾ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದಿರೋ...

ಇದನ್ನು ಕೇಳುವ ಯೋಗ್ಯತೆ ನನಗಿಲ್ಲ ಎಂದು ಅದೇ ಸಂಜೆ ಗೊತ್ತಾಯಿತು. ಹಳೆಯ ಇ-ಮೇಲ್‌ಗಳನ್ನು ತೆರೆದು ನೋಡಿದೆ. ಗಿರಿಜಾಳಿಗೆ ಒಂದು ಖಾತೆ ಮಾಡಿಕೊಡು ಎಂದು ನೀವು ಮೂರು ಸಲ ಬರೆದಿದ್ದಿರಿ. ಗುತ್ತಿಗೆಯವರಿಗೆ ಪಟ್ಟಿಯಲ್ಲಿ ಜಾಗವಿಲ್ಲ ಎಂದು ಮೂರು ಸಲವೂ ನಾನೇ ಉತ್ತರಿಸಿದ್ದೆ. ಯಾರನ್ನೂ ಕೇಳದೆ. "ಆಯ್ತ್ ಭಾವ, ನಿನ್ ಪಟ್ಟಿ ನೀನೇ ಇಟ್ಕೊ" ಎಂದು ಕೊನೆಯ ಸಲ ಬರೆದಿದ್ದಿರಿ. ತಮಾಷೆ ಎಂದುಕೊಂಡಿದ್ದೆ.

ಮುಂದಿನ ವಾರ ನಮ್ಮ ಮೀನು ಕೊಳ್ಳುವ ವಿದೇಶಿ ಕಂಪನಿಯವರು ತಪಾಸಣೆಗೆ ಬರುವವರಿದ್ದರು. ತೀರಿಕೊಂಡವರ ಹೆಸರಿನಲ್ಲಿ ಹದಿಮೂರು ದಿನದ ದಾಖಲೆ ಅವರ ಕಣ್ಣಿಗೆ ಬೀಳದೆ ಇರುತ್ತದೆಯೇ? ಅವಳು ಪಾಸ್‌ವರ್ಡ್ ಕದ್ದಳು ಎಂದು ನಾನು ಒಂದು ಸಾಲು ಬರೆದರೆ ಸಾಕಿತ್ತು. ಅವಳ ಕೆಲಸ ಹೋಗುತ್ತಿತ್ತು, ನನ್ನದು ಉಳಿಯುತ್ತಿತ್ತು. ಆ ಸಾಲನ್ನು ಬರೆದೂ ಬಿಟ್ಟೆ, ಭಾವಯ್ಯ. ಚೆನ್ನಾಗಿಯೇ ಇತ್ತು. ಮೂರು ಸಲ ಓದಿದೆ. ಆಮೇಲೆ ಅಳಿಸಿ, ನಿಮ್ಮ ಮೂರು ಇ-ಮೇಲ್‌ಗಳನ್ನೂ ನನ್ನ ಉತ್ತರಗಳನ್ನೂ ಮುದ್ರಿಸಿಕೊಂಡು ಯಜಮಾನರ ಕೋಣೆಗೆ ಹೋದೆ.

ಅವರು ಕನ್ನಡಕ ಹಾಕಿಕೊಂಡು ಓದಿದರು.

"ಮೂರ್ ಸಲ ಬೇಡ ಅಂದದ್ದ್ ನೀನೇಯಾ?"

"ಹೌದು."

"ಹಾಂಗಾರೆ ತಪ್ಪ್ ಅವ್ಳ್ದ್ ಹ್ಯಾಂಗೆ ಆತ್ತ್?"

ತಪಾಸಣೆಯವರಿಗೂ ಇದ್ದದ್ದನ್ನೇ ಬರೆದು ಕೊಟ್ಟೆವು. ಅವರು ಅವಳ ಅಂಕಿಗಳನ್ನು ಕೋಣೆಯ ಯಂತ್ರ ತಾನಾಗಿ ಬರೆದಿಟ್ಟ ಗೆರೆಯ ಪಕ್ಕದಲ್ಲಿಟ್ಟು ಒಂದಿಡೀ ದಿನ ನೋಡಿದರು. ಎಲ್ಲಿಯೂ ವ್ಯತ್ಯಾಸವಿರಲಿಲ್ಲ. ಮಾಲು ಉಳಿಯಿತು. ಕಂಪನಿಗೊಂದು ಎಚ್ಚರಿಕೆ ಪತ್ರ, ನನಗೊಂದು ಮೆಮೊ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಬಂದ ಮೊದಲ ಮೆಮೊ ಅದು. ಅದನ್ನು ಯಾಕೋ ಜೋಪಾನವಾಗಿ ಎತ್ತಿಟ್ಟಿದ್ದೇನೆ.

ಅವಳ ಖಾತೆ ಮಾಡಲು ನಾನೇ ಶಿರೂರಿಗೆ ಹೋದೆ. ಹುದ್ದೆ ಎಂಬಲ್ಲಿ ಗುಣಮಟ್ಟ ಪರಿಶೀಲಕಿ ಎಂದು ತುಂಬಿದೆ. ಯಜಮಾನರು ಒಪ್ಪಿದ್ದರು. ಯಾವ ಯಾವ ಬಾಗಿಲು ಅವಳಿಗೆ ತೆರೆಯಬೇಕು ಎಂದು ಒಂದೊಂದೇ ಗುರುತು ಹಾಕಿದೆ: ಉಷ್ಣತೆ ಬರೆಯುವುದು, ಹಳೆಯ ದಾಖಲೆ ನೋಡುವುದು, ಲಾರಿ ತಡೆಯುವುದು. ಪಾಸ್‌ವರ್ಡನ್ನು ಯಾರಿಗೂ ಹೇಳಬಾರದು ಎಂದು ಎಲ್ಲರಿಗೂ ಹೇಳುವ ಹಾಗೆ ಅವಳಿಗೂ ಹೇಳಿದೆ.

"ಒಳ್ಳೆ ಕತಿ! ಏಳ್ ವರ್ಷ ಒಬ್ರಿಗೂ ಹೇಳದ್ದೆ ಇಟ್ಕಂಡವ್ಳ್ ನಾನ್. ನಂಗೇ ಪಾಠ ಹೇಳ್ತ್ರಿಯಾ?"

ಮರುದಿನ ಆರೂ ಹತ್ತಕ್ಕೆ ಅವಳ ಹೆಸರಿನಲ್ಲಿ ಮೊದಲ ದಾಖಲೆ ಬಂತು. ಆಮೇಲೆ ನಿಮ್ಮ ಖಾತೆಯನ್ನು ಮುಚ್ಚಿದೆ. ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಗುತ್ತಿಗೆಯವರಲ್ಲಿ ಹೀಗೆ ಇನ್ನೊಬ್ಬರ ಹೆಸರಿನಲ್ಲಿ ದುಡಿಯುವವರು ಇನ್ನೂ ಕೆಲವರಿದ್ದಾರೆ. ಅವರು ಮೂರು ಸಲ ಕೇಳುವವರೆಗೆ ನಾನು ಕಾಯುವುದಿಲ್ಲ. ಇದು ನಿಮಗೆ ಕೊಡುತ್ತಿರುವ ಮಾತು.

ನಿನ್ನೆ ಬೆಳಿಗ್ಗೆ ಏಳಕ್ಕೆ ಶಿರೂರಿನ ಮಾಲು ಇಳಿಯುವ ಬ್ರಹ್ಮಾವರದ ಗೋದಾಮಿನ ಮ್ಯಾನೇಜರ್ ಫೋನ್ ಮಾಡಿದರು. ನಿಮ್ಮ ಹೆಸರಿದ್ದಾಗ ಒಂದು ಸಲವೂ ದನಿ ಎತ್ತದಿದ್ದವರು.

"ಹ್ವಾಯ್, ಶಿರೂರ್ ಲಾರಿ ನಿಲ್ಸಿದ್ಳಂಬ್ರ್. ಎಂತದೋ ಎರಡ್ ಡಿಗ್ರಿ ಜಾಸ್ತಿ ಅಂಬ್ರ್. ಅದ್ಯಾರ್ ಮರ್ರೆ ಗಿರಿಜ? ಲಾರಿ ನಿಲ್ಸುಕೆ ಅವ್ಳಿಗ್ ಅಧಿಕಾರ ಕೊಟ್ಟದ್ದ್ ಯಾರ್?"

"ಪಟ್ಟಿ ಕಾಣಿ" ಎಂದೆ.

ಕೀಲಿಗಳನ್ನು ಒತ್ತುವ ಸದ್ದು ಕೇಳಿಸಿತು.

"ಹೌದ್, ಅವ್ರ್ ಹೆಸ್ರ್ ಇತ್ತ್" ಎಂದರು ಕೊನೆಗೆ. "ಸರಿ, ಯಾವಾಗ ಬಿಡ್ತ್ರ್ ಅಂದೇಳಿ ಅವ್ರನ್ನೇ ಕೇಳ್ತೆ."

ಲಾರಿ ಹೊರಟದ್ದು ಒಂಬತ್ತೂವರೆಗೆ, ಭಾವಯ್ಯ. ಅಲ್ಲಿಯವರೆಗೆ ಯಾರೂ ನನಗೆ ಮತ್ತೆ ಫೋನ್ ಮಾಡಲಿಲ್ಲ.