ತೊಟ್ಟಿಲು ಇರುವ ಊರು

ಹುಬ್ಬಳ್ಳಿ,
ಎರಡನೆಯ ಮೇ ತಿಂಗಳ ಮೂವತ್ತಮೂರು, ೨೧೯೪

ಮುತ್ತಜ್ಜಿಯ ಅಜ್ಜಿಗೆ,

ಈ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಬೇಸಿಗೆ ಮುಗಿಯುವುದನ್ನು ಮರೆತ ಮೇಲೆ ನಾವು ಮೇ ತಿಂಗಳನ್ನು ಎರಡು ಸಲ ಎಣಿಸತೊಡಗಿದೆವು. ಎರಡನೆಯದಕ್ಕೆ ಎಷ್ಟು ದಿನ ಎಂಬುದನ್ನು ಮಳೆ ತೀರ್ಮಾನಿಸುತ್ತದೆ. ಇನ್ನೂ ಕೆಲವು ಮಾತುಗಳು ನಿಮಗೆ ಅಪರಿಚಿತವಾಗಿ ಕೇಳಿಸಬಹುದು, ಕ್ಷಮಿಸಿ. ನಮಗೂ ಹಾಗೆಯೇ. ‘ಟೋಕನ್ ತಗೊಂಡು ಕುಂತಿದ್ವಿ’ ಎಂಬ ನಿಮ್ಮ ಮಾತು ಮನೆಯಲ್ಲಿ ಉಳಿದಿದೆ. ಟೋಕನ್ ಎಂದರೇನೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ.

ನಿಮ್ಮ ಬಗ್ಗೆ ನಮ್ಮವರೆಗೆ ಬಂದಿರುವುದು ಒಂದೇ ಸಂಗತಿ. ಜ್ವರ ಬಂದ ಮಗಳನ್ನು ಹೆಗಲಿಗೆ ಹಾಕಿಕೊಂಡು ಓಣಿಯ ಕೊನೆಯ ಮಕ್ಕಳ ಡಾಕ್ಟರ ಬಳಿಗೆ ನೀವು ನಡೆದುಹೋದಿರಿ. ಅವರು ಸ್ಟೆತೊಸ್ಕೋಪನ್ನು ಅಂಗೈಯಲ್ಲಿ ತಿಕ್ಕಿ, ಬೆಚ್ಚಗಾದ ಮೇಲೆ ಮಗುವಿನ ಎದೆಗೆ ಇಟ್ಟರು. ಆ ಮಗು ದೊಡ್ಡವಳಾಗಿ ತನ್ನ ಮಗಳಿಗೆ ಹೇಳಿದಳು, ಆ ಮಗಳು ಇನ್ನೊಬ್ಬರಿಗೆ. ನಿಮ್ಮ ಹೆಸರು ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಆ ಬಿಸುಪು ಮಾತ್ರ ಬಂದು ತಲುಪಿತು.

ಇಲ್ಲಿ ಮಕ್ಕಳನ್ನು ನೋಡುವುದು ಗೋಡೆ. ಪ್ರತಿ ಮನೆಯ ಒಂದು ಗೋಡೆ ಕೆಮ್ಮನ್ನು ಕೇಳಿಸಿಕೊಳ್ಳುತ್ತದೆ, ಔಷಧ ಹೇಳುತ್ತದೆ. ಹೆಚ್ಚಾಗಿ ಸರಿಯಾಗಿಯೇ ಹೇಳುತ್ತದೆ. ಮುಟ್ಟಿ ನೋಡುವವರನ್ನು ಕೈಡಾಕ್ಟರು ಎನ್ನುತ್ತೇವೆ. ಅವರು ಕಡಿಮೆ. ನೀವು ವಿಮೆ ಎನ್ನುತ್ತಿದ್ದುದು ಈಗ ಆರೋಗ್ಯಪಾಲು. ಯಾವ ಮಗು ಯಾವ ಕೈಡಾಕ್ಟರಿಗೆ ಎಂದು ಅದೇ ಹಂಚುತ್ತದೆ. ತಮಗೆ ನೋಂದಣಿಯಾಗದ ಮಗುವನ್ನು ಅವರು ಮುಟ್ಟುವಂತಿಲ್ಲ. ಉಸಿರು ನಿಲ್ಲುವ ಹಂತಕ್ಕೆ ಬಂದರೆ ಆಂಬುಲೆನ್ಸ್ ಬರುತ್ತದೆ. ಅದಕ್ಕೆ ಮೊದಲಿನ ಎಲ್ಲಕ್ಕೂ ನೋಂದಣಿ ಬೇಕು. ಅದನ್ನು ಬದಲಾಯಿಸಲು ಎರಡನೆಯ ಮೇ ತಿಂಗಳೊಂದೇ ಅವಕಾಶ. ಮೊದಲ ಮಳೆ ಬಿದ್ದರೆ ಮುಂದಿನ ವರ್ಷದವರೆಗೆ ಕಾಯಬೇಕು.

ನನ್ನ ಮಗಳು ತುಂಗಾ ಇನ್ನೂ ಕೂರಲು ಕಲಿಯುತ್ತಿದ್ದಾಳೆ. ಕೆಲವು ದಿನಗಳಿಂದ ಅವಳ ಉಸಿರಿನಲ್ಲಿ ದೂರದ ಸೀಟಿಯಂಥ ಸದ್ದು. ಗೋಡೆ ಕೇಳಿ ಕೇಳಿ, ಕೈ ಇಟ್ಟು ನೋಡಬೇಕು ಎಂದಿತು. ನಮ್ಮ ಓಣಿಯಲ್ಲೇ ಕೈಡಾಕ್ಟರು ಶಾಹಿದಾ ನದಾಫ ಇದ್ದಾರೆ. ಹೆಂಡತಿ ಕಲ್ಯಾಣಿ ಮಗುವನ್ನು ಎತ್ತಿಕೊಂಡಳು, ಹೋದೆವು. ಅವರು ಹೊಸ್ತಿಲಲ್ಲಿ ನಿಂತು ನೋಂದಣಿ ನೋಡಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ನಿಮ್ಮ ಕೂಸು ಗದಗದಾಗ ಐತ್ರಿ.”

“ನಮ್ಮ ಕೂಸು ನನ್ನ ಬಗಲಾಗ ಐತ್ರಿ ಡಾಕ್ಟರ,” ಎಂದಳು ಕಲ್ಯಾಣಿ.

“ನನಗ ಕಾಣಸ್ತೈತ್ರಿ ಅಕ್ಕಾರ. ಪಾಲಿನವರಿಗೆ ಕಾಣವಲ್ದು.”

ತಪ್ಪು ತೊಟ್ಟಿಲಿನದು. ಮಕ್ಕಳು ಉಳಿದು ಬೆಳೆದ ತೊಟ್ಟಿಲನ್ನೇ ತಂದು ಕಟ್ಟುವ ರೂಢಿ ನಮ್ಮಲ್ಲಿ ಇನ್ನೂ ಇದೆ. ನಾನೂ ಅಕ್ಕನೂ ಮಲಗಿದ ತೊಟ್ಟಿಲು ಗದಗಿನಲ್ಲಿ ಅಕ್ಕ ನಿಂಬೆವ್ವನ ಬಳಿ ಇತ್ತು. ಮದುವೆಯ ಹೊಸತರಲ್ಲಿ ಅವಳು ಅದರ ತಳಕ್ಕೆ ಉಸಿರುಪಟ್ಟಿ ಹೊಲಿಸಿದ್ದಳು. ಅದು ಮಲಗಿದ ಮಗುವಿನ ಉಸಿರನ್ನು ಅಳೆದು ಪಾಲಿಗೆ ತಿಳಿಸುವ ಬಟ್ಟೆ. ಪಟ್ಟಿ ಯಾವ ಮನೆಯ ಹೆಸರಿಗಿದೆಯೋ ಮಗು ಆ ಮನೆಯದು, ಆ ಊರಿನ ಡಾಕ್ಟರದು. ಅಕ್ಕನಿಗೆ ಮಕ್ಕಳಾಗಲಿಲ್ಲ. ಪಟ್ಟಿ ಹಾಗೇ ಉಳಿಯಿತು. ತೊಟ್ಟಿಲು ತರುವಾಗ ನಾವು ಹಗ್ಗ ಎಳೆದು ನೋಡಿದೆವು, ಕೊಂಡಿ ನೋಡಿದೆವು, ಪಟ್ಟಿ ಯಾರ ಹೆಸರಿಗಿದೆ ಎಂದು ಕೇಳಲಿಲ್ಲ.

ಬಿಡಿಸಿಕೊಳ್ಳುವ ಕ್ರಮ ಸರಳ. ಪಟ್ಟಿ ತೊಟ್ಟಿಲಿನ ಸಮೇತ ತನ್ನ ಮನೆಗೆ ಮರಳಬೇಕು, ಅದು ಒಂದೆರಡು ದಿನ ತಡವಾದರೂ ಸರಿ. ಆ ಮನೆಯ ಒಡತಿ ತನ್ನ ಗೋಡೆಯೆದುರು ನಿಂತು, ತನ್ನದೇ ದನಿಯಲ್ಲಿ, ‘ಈ ಮನೆಯಲ್ಲಿ ಮಗುವಿಲ್ಲ’ ಎಂದು ಹೇಳಬೇಕು; ಹೇಳಿದೊಡನೆ ನೋಂದಣಿ ಬದಲಾಗುತ್ತದೆ. ಅವಳ ಪರವಾಗಿ ಇನ್ನೊಬ್ಬರು ಹೇಳುವಂತಿಲ್ಲ.

ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಓಣಿಯ ಜನವೆಲ್ಲ ಮಾಳಿಗೆ ಹತ್ತಿ ಮಳೆಗೆ ಕಾಯುತ್ತಿದ್ದರು. ನಾನೊಬ್ಬ ಬೇಡ ಎನ್ನುತ್ತ ಅಕ್ಕನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

“ದಿನಾ ಮುಂಜಾನೆ ಗ್ವಾಡಿ ಹೇಳತಿತ್ತೋ ತಮ್ಮಾ,” ಎಂದಳು. “ನಿಮ್ಮ ಕೂಸು ಚಲೋ ಮಲಗೇತಿ, ಅಂತ. ಏನೋ ತಪ್ಪಾಗೇತಿ ಅಂತ ನನಗ ಗೊತ್ತಿತ್ತು. ಚಾ ಕುಡಕೋತ ಕೇಳತಿದ್ದೆ. ಈಗ ಉಸರು ಬಿಗೀತೈತಿ ಅನ್ನಾಕ ಹತ್ತೇತಿ. ನಾನ ನಿನಗ ಫೋನ್ ಹಚ್ಚಾಕಿ ಇದ್ದೆ.”

ನಾನು ಏನೋ ಹೇಳಹೋದೆ.

“ನೀ ಫೋನ್ ಇಡು. ಅದನ್ನ ನಿನ್ನ ಮುಂದ ಹೇಳಂಗಿಲ್ಲ ನಾ.” ಆಮೇಲೆ, “ತೊಟ್ಟಲಾ ಬರಿದು ಕಳಸಬ್ಯಾಡ ಮತ್ತ. ಗುಂಡಕಲ್ಲು ಇಟ್ಟು ಕಳಸು,” ಎಂದಳು.

ನಾಮಕರಣದ ದಿನ ಮಗುವಿಗಿಂತ ಮೊದಲು ರುಬ್ಬುವ ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕಿ ತೂಗುವುದು ನಿಮಗೂ ಗೊತ್ತಿರುತ್ತದೆ.

ಕತ್ತಲಾಗುವ ಮೊದಲೇ ನೋಂದಣಿ ಬದಲಾಯಿತು. ಶಾಹಿದಾ ನದಾಫ ತಾವಾಗಿಯೇ ನಮ್ಮ ಮನೆಗೆ ಬಂದರು. ಎರಡು ಅಂಗೈಗಳನ್ನು ಒಂದಕ್ಕೊಂದು ತಿಕ್ಕಿದರು. ನಿಮ್ಮ ಕತೆಯನ್ನು ನಾನು ಅವರಿಗೆ ಹೇಳಿರಲಿಲ್ಲ. ತುಂಗಾಳ ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಗುಣವಾಗುತ್ತದೆ, ಆದರೆ ತಡವಾಗುತ್ತದೆ, ಮತ್ತೆ ಮತ್ತೆ ಮುಟ್ಟಿ ನೋಡಬೇಕು ಎಂದರು. ಮಗು ಅಳಲಿಲ್ಲ. ಆ ಕೈಯನ್ನೇ ನೋಡುತ್ತ ನಿಂತಿದ್ದೆ. ಅದೇ ಹೊತ್ತಿಗೆ ಗದಗಿನಲ್ಲಿ ಒಂದು ಗೋಡೆ ಸುಮ್ಮನಾಗಿತ್ತು.

ನನ್ನದೊಂದು ಕೋರಿಕೆ. ಮಗುವಿನ ಹೆಸರನ್ನು ಎಲ್ಲಿಯಾದರೂ ಬರೆಸುವ ಮೊದಲು, ನಡೆದುಹೋಗುವಷ್ಟು ಹತ್ತಿರದ ಡಾಕ್ಟರು ಅದರಲ್ಲಿದ್ದಾರೆಯೇ ಎಂದು ಕೇಳಿ. ಹೋಗುವಾಗ ಮಕ್ಕಳಿಲ್ಲದ ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ. ನಿಮ್ಮ ಟೋಕನ್ ಕರೆಯುವವರೆಗೆ ಮಗು ಅವರ ತೊಡೆಯ ಮೇಲಿರಲಿ.

ನಾಳೆ ತೊಟ್ಟಿಲು ಗದಗಿಗೆ ಹೊರಡುತ್ತದೆ. ಕಲ್ಯಾಣಿ ಗುಂಡುಕಲ್ಲಿಗೆ ತುಂಗಾಳ ಕುಲಾವಿ ಕಟ್ಟಿದ್ದಾಳೆ. ಒಗೆದದ್ದು ಕೊಡಲೇ ಎಂದು ಕೇಳಿದೆ. ಬೇಡ, ಕೂಸಿನ ವಾಸನೆ ಹೋಗುತ್ತದೆ ಎಂದಳು.

ಹೊರಗೆ ಹನಿ ಶುರುವಾಗಿದೆ.

ನಿಮ್ಮವನು