ಕಚ್ಚಿದ ರೊಟ್ಟಿಯ ಬಗ್ಗೆ ಒಂದು ಅಧಿಕೃತ ವರದಿ

ರಿಷ್ಟಾನ್
ಜೂನ್ ೧೧, ಗುರುವಾರ
ಜರ್ದಾಳು ಹಣ್ಣಾಗಿ ತಲೆಯ ಮೇಲೆ ಉದುರುತ್ತಿರುವ ಮಧ್ಯಾಹ್ನ

ನೀಲಿ ಮೆರುಗಿನ ಮಹಾರಾಣಿಯೂ, ಮೇಕೆಕೂದಲಿನ ಸಮಸ್ತ ಕುಂಚಗಳ ದಂಡನಾಯಕಿಯೂ, ಕಣ್ಣುಮುಚ್ಚಿಕೊಂಡು ದಾಳಿಂಬೆ ಬರೆಯಬಲ್ಲವರೂ, ಚಹಾಕ್ಕೆ ತಡವಾಗಿ ಬಂದವರನ್ನು ಒಂದೇ ನೋಟದಲ್ಲಿ ಸುಟ್ಟು ಮೆರುಗು ಹಚ್ಚಬಲ್ಲವರೂ, ಸದ್ಯಕ್ಕೆ ಕೋಕಂದ್ ನಗರದ ತಂಗಿಯ ಮನೆಯಲ್ಲಿ ತಮಗೆ ತಾವೇ ಗಡೀಪಾರು ವಿಧಿಸಿಕೊಂಡಿರುವವರೂ ಆದ ಸನೋಬರ್ ಅಕ್ಕನವರ ದಿವ್ಯ ಸಮ್ಮುಖಕ್ಕೆ, ಉಸ್ತಾ ಹೋಶಿಮ್ ಅವರ ಕುಂಬಾರಶಾಲೆಯ ಅತಿ ವಿನಮ್ರ ಚಿತ್ರಗಾರ್ತಿ ಶಹ್ಲೋ ನೆಲಮುಟ್ಟಿ ಸಲ್ಲಿಸುವ ಸಲಾಮುಗಳು.

ಅಕ್ಕಾ, ನೀವು ಫೋನು ಎತ್ತುವುದಿಲ್ಲ. ಆದ್ದರಿಂದ ಈ ವರದಿಯನ್ನು ಕೋಕಂದ್ ಬಸ್ಸಿನ ಚಾಲಕನ ಕೈಯಲ್ಲಿ, ಒಂದು ಬುಟ್ಟಿ ಜರ್ದಾಳುವಿನ ತಳದಲ್ಲಿಟ್ಟು ಕಳಿಸುತ್ತಿದ್ದೇನೆ. ಹಣ್ಣು ತಿಂದು ಮುಗಿಸದೆ ಕಾಗದ ಕೈಗೆ ಸಿಗದಂತೆ ಸೂಕ್ತ ವ್ಯವಸ್ಥೆ ಮಾಡಲಾಗಿದೆ. ಸೋಮವಾರದಿಂದ ನೀವು ಅಲ್ಲಿಯೇ ಬೇರೊಬ್ಬರ ಕುಂಬಾರಶಾಲೆಗೆ ಸೇರುತ್ತೀರಂತೆ. ನಿಮ್ಮ ತಂಗಿ ಹೇಳಿದಳು. ಅಲ್ಲಿ ಕುಂಚ ಅದ್ದುವ ಮೊದಲು ಇದನ್ನು ಓದಿಬಿಡಿ. ಇಷ್ಟೇ ನನ್ನ ಬೇಡಿಕೆ. ಇದಕ್ಕಿಂತ ದೊಡ್ಡದೊಂದು ಬೇಡಿಕೆ ಇದೆ, ಅದು ಕೆಳಗೆ ಬರುತ್ತದೆ.

ಮೊದಲಿಗೆ ಕಿಟಕಿ ಕಟ್ಟೆಯ ಸ್ಥಿತಿಗತಿ. ಆ ಪದ್ಧತಿ ಹಾಕಿಕೊಟ್ಟವರೇ ನೀವು. ಯಾರ ಕೈಯಲ್ಲಿ ಏನು ಒಡೆದರೂ ಅವರೇ ಅದರ ಬೋಕಿಯನ್ನು ತಂದು ಕಟ್ಟೆಯ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ "ಒಡೆದಿದ್ದು ನಾನು" ಎಂದು, ಹೇಗೆ ಒಡೆಯಿತೆಂದು ಹೇಳಬೇಕು. ಕೇಳಿದವರು ಬೈಯಬಾರದು, ಚಹಾ ಬಗ್ಗಿಸಿ ಕೊಡಬೇಕು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಏಳು ಬಟ್ಟಲು ಒಡೆದು ಏಳು ಸಲ ಚಹಾ ಕುಡಿದದ್ದು ನೆನಪಿದೆಯೇ? ನೀವು, "ಎಂಟನೇದು ಒಡೆದ್ರೆ ಊಟಾನೂ ಹಾಕ್ತೀವಿ ಕಣೇ, ಸಂಕೋಚ ಪಡ್ಬೇಡ" ಎಂದಿರಿ. ಎಂಟನೆಯದು ಒಡೆಯಲಿಲ್ಲ. ಅಷ್ಟು ಹೊತ್ತಿಗೆ ನನ್ನ ಹೆದರಿಕೆ ಬಿಟ್ಟುಹೋಗಿತ್ತು.

ನೀವು ಹೋದಮೇಲೆ ನಲವತ್ತು ದಿನ ಆ ಕಟ್ಟೆಯ ಮೇಲೆ ಒಂದೇ ಒಂದು ಬೋಕಿ ಬೀಳಲಿಲ್ಲ. ಉಸ್ತಾ ಮೊದಲ ವಾರ ಎದೆಯುಬ್ಬಿಸಿಕೊಂಡು ಓಡಾಡಿದರು. "ನೋಡಿದ್ರಾ? ತಪ್ಪು ಮಾಡ್ದೋರ ಹೆಸರು ಬರೆಯೋಕೆ ಹಲಗೆ ನೇತುಹಾಕಿದ್ದೇ ತಡ, ಒಡೆಯೋದೇ ನಿಂತೋಯ್ತು!" ಎಂದರು.

ನಿಂತಿರಲಿಲ್ಲ ಅಕ್ಕಾ. ಹಿತ್ತಲಲ್ಲಿ ಕೋಳಿ ಕೆದರಿದಲ್ಲೆಲ್ಲ ನೀಲಿ ಚೂರು. ಉಸ್ತಾರ ಹೆಂಡತಿ ಮಸ್ತೂರಾ ಅತ್ತೆ ಪಲಾವಿಗೆಂದು ಅಕ್ಕಿ ಡಬ್ಬಿಗೆ ಕೈಹಾಕಿದರೆ ಹೂಜಿಯ ಹಿಡಿ ಸಿಕ್ಕಿತು. ತಿಗರಿಯ ಮುಂದೆ ಕೂರುವ ನಮ್ಮ ತುರ್ದಿಅಲಿ ಮಾವ ವಾರವಿಡೀ ಕುಂಟಿದರು. ಕೀಲುನೋವು ಎಂದರು. ಬೂಟಿನೊಳಗೆ ಬಟ್ಟಲಿನ ತಳವಿತ್ತು. ಯಾರೋ ಮಹಾನುಭಾವರು ಬಿರುಕುಬಿಟ್ಟ ಹೂಜಿಗೆ ಮೇಲಿಂದ ಮೇಲೆ ಮೆರುಗು ಬಳಿದು ಕಳಿಸಿಬಿಟ್ಟರು. ಅದು ಮದುವೆಮನೆಯಲ್ಲಿ ಬೀಗರ ಮಡಿಲಿಗೆ ಬಿಸಿ ಚಹಾ ಸುರಿದು ತನ್ನ ಸೇವೆ ಮುಗಿಸಿತು. ಆ ಬೀಗರು ನಮ್ಮ ಅಂಗಳಕ್ಕೇ ಬಂದು, "ಇದನ್ನ ಮಾಡಿದೋರು ಯಾರ್ರೀ?" ಎಂದಾಗ ಹನ್ನೊಂದು ಜನ ಹನ್ನೊಂದು ದಿಕ್ಕು ನೋಡಿದೆವು. ಕಣ್ಣು ತಪ್ಪಿಸುವುದು ನಮಗೆ ಅದಾಗಲೇ ರೂಢಿಯಾಗಿತ್ತು.

ಆ ರೂಢಿ ಶುರುವಾದ ದಿನ ನಿಮಗೂ ಗೊತ್ತು. ಮೂವತ್ತು ಹರಿವಾಣಗಳೂ ಮಣ್ಣಿನ ಪಾತ್ರೆ ಸುಡುವ ಆವಿಗೆಯಿಂದ ಕೂದಲೆಳೆ ಬಿರುಕು ಹೊತ್ತುಕೊಂಡು ಹೊರಬಂದವು. ಒಯ್ಯಬೇಕಾದ ಲಾರಿ ಬಾಗಿಲಲ್ಲಿ ನಿಂತಿತ್ತು. ಉಸ್ತಾ, "ಮೆರುಗು ಕಲಸಿದ್ದು ನೀನು ತಾನೆ?" ಎಂದು ನಿಮ್ಮ ಮೇಲೆ ಹರಿಹಾಯ್ದರು. ನೀವು ಮೆಲ್ಲಗೆ, "ಮೆರುಗಿಂದ ಹೀಗೆ ಸೀಳಲ್ಲ ಉಸ್ತಾ. ಆವಿಗೆ ಬಾಗಿಲು ಎಷ್ಟೊತ್ತಿಗೆ ತೆಗೆದ್ರಿ?" ಎಂದಿರಿ. ಉತ್ತರದ ಬದಲು ಅವರು ಸೀಮೆಸುಣ್ಣ ತೆಗೆದುಕೊಂಡರು. ಮೂರು ದಿನದ ಹಿಂದಷ್ಟೇ ಬಂದಿದ್ದ ಹಲಗೆಯ ಮೇಲೆ ಮೊದಲ ಹೆಸರು ನಿಮ್ಮದಾಯಿತು. ಆಗ ನೀವು ನಮ್ಮ ಕಡೆ ತಿರುಗಿದಿರಿ.

ನಾನು ಬೆಕ್ಕನ್ನು ನೋಡುತ್ತಿದ್ದೆ. ಬಹಳ ಶ್ರದ್ಧೆಯಿಂದ ನೋಡುತ್ತಿದ್ದೆ. ಅದರ ಎಡ ಮೂತಿಯಲ್ಲಿ ಹತ್ತು ಮೀಸೆ, ಬಲಕ್ಕೆ ಒಂಬತ್ತು. ತಲೆಯೆತ್ತುವಷ್ಟರಲ್ಲಿ ನಿಮ್ಮ ಏಪ್ರನ್ ಮೊಳೆಯ ಮೇಲಿತ್ತು, ನೀವಿರಲಿಲ್ಲ.

ಈಗ ವರದಿಯ ಮುಖ್ಯಭಾಗ. ದಯವಿಟ್ಟು ನೆಟ್ಟಗೆ ಕುಳಿತುಕೊಳ್ಳಿ.

ಮರುದಿನ ಬೆಳಗ್ಗೆ ನಾವೆಲ್ಲ ಬಂದಾಗ ಅದೇ ಮೊಳೆಗೆ, ಏಪ್ರನ್ನಿನ ಪಕ್ಕದಲ್ಲಿ, ದಾರ ಕಟ್ಟಿದ ರೊಟ್ಟಿಯೊಂದು ತೂಗುತ್ತಿತ್ತು. ಅಂಚಿನಲ್ಲಿ ಕಚ್ಚಿದ ಗುರುತು. ತುರ್ದಿಅಲಿ ಮಾವ ಕೈಯಲ್ಲಿದ್ದ ಮಣ್ಣುಂಡೆ ಕೆಳಗಿಟ್ಟರು. "ಅಯ್ಯೋ, ಕಚ್ಚಿಟ್ಟು ಹೋಗಿದಾಳೆ ಕಣ್ರೋ! ನನ್ನ ಮಗ ಸೈನ್ಯಕ್ಕೆ ಹೋಗೋವಾಗ ಹೀಗೇ ಕಚ್ಚಿಟ್ಟು ಹೋದ. ವರ್ಷ ಕಾಯ್ತು ರೊಟ್ಟಿ. ಬಂದು ಅವನೇ ತಿಂದು ಮುಗಿಸಿದ. ಕಚ್ಚಿದೋರು ಬಂದೇ ಬರ್ತಾರೆ!" ಎಂದರು. ಉಸ್ತಾ, "ಅವಳು ಕಚ್ಚಿದ್ದನ್ನ ಯಾರು ನೋಡಿದ್ರಿ?" ಎಂದು ಕೇಳಿದರು. ಯಾರೂ ನೋಡಿರಲಿಲ್ಲ. ಕಚ್ಚಲಿಲ್ಲ ಎನ್ನುವ ಹಾಗೂ ಇರಲಿಲ್ಲ. ನೀವು ಹೊಸ್ತಿಲು ದಾಟುವಾಗ ನಮ್ಮಲ್ಲಿ ಒಬ್ಬರ ತಲೆಯೂ ಮೇಲಿರಲಿಲ್ಲವಲ್ಲ. (ಇದನ್ನು ಓದಿ ನಿಮ್ಮ ಹುಬ್ಬು ಮೇಲೇರಿದ್ದರೆ ಸದ್ಯಕ್ಕೆ ಅಲ್ಲೇ ಇರಲಿ. ಕೊನೆಗೆ ಇಳಿಸಿಕೊಳ್ಳುವಿರಂತೆ.)

ಅಂದಿನಿಂದ ಉಸ್ತಾ ಆ ರೊಟ್ಟಿಯ ಕೆಳಗೆ ಹಾಯುವಾಗೆಲ್ಲ, ಜಗಳವಾಡಿದ ಮಾವನ ಮನೆ ಮುಂದೆ ಹಾಯುವ ಅಳಿಯನ ಹಾಗೆ ತಲೆ ತಗ್ಗಿಸುತ್ತಿದ್ದರು. ಯಾರೂ ಇಲ್ಲವೆಂದುಕೊಂಡು ಅದರ ಧೂಳನ್ನು ಒಣ ಕುಂಚದಿಂದ ಒರೆಸುವುದನ್ನು ನಾನೇ ಎರಡು ಸಲ ಕಂಡೆ. ನಿಮ್ಮ ಕುಂಚ ಅಕ್ಕಾ. ಬೇರೆಯದನ್ನು ಮುಟ್ಟಲಿಲ್ಲ.

ಮೊನ್ನೆ ಮಂಗಳವಾರ, ಬೆಳಗಿನ ಚಹಾ ಹೊತ್ತಿಗೆ, ಅವರು ಒಂದು ಬಿರುಕಿನ ಹರಿವಾಣ ಎತ್ತಿಕೊಂಡು ಬಂದರು. ಮೂವತ್ತರಲ್ಲೊಂದನ್ನು ಇಷ್ಟು ದಿನ ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದರಂತೆ. ಸೀದಾ ಕಿಟಕಿ ಕಟ್ಟೆಗೆ ಹೋಗಿ ಇಟ್ಟರು. ನಮ್ಮ ಕಡೆ ತಿರುಗಲಿಲ್ಲ, ಕಿಟಕಿಗೇ ಹೇಳಿದರು. "ಒಡೆದಿದ್ದು ನಾನು. ಲಾರಿ ಬರುತ್ತೆ ಅಂತ ಆವಿಗೆ ಆರೋಕೆ ಮುಂಚೆ ಬಾಗಿಲು ತೆಗೆದೆ. ತಣ್ಣನೆ ಗಾಳಿ ನುಗ್ತು. ಒಳಗೆ ಟಿಣ್ ಟಿಣ್ ಅಂತ ಸೀಳಿದ್ದು ಈ ಕಿವೀಲೇ ಕೇಳಿದೆ. ಕೇಳಿಯೂ ಅವಳ ಹೆಸರು ಬರೆದೆ. ಅಷ್ಟು ಅನ್ನಿಸಿಕೊಂಡೂ ರೊಟ್ಟಿ ಕಚ್ಚಿಟ್ಟು ಹೋದ್ಲಲ್ಲ ಆ ಹೆಣ್ಣುಮಗಳು. ದಿನಾ ಅದರ ಕೆಳಗೆ ಓಡಾಡಿ ಓಡಾಡಿ, ನನಗೆ ತುತ್ತು ಇಳೀತಿಲ್ಲ."

ಮಸ್ತೂರಾ ಅತ್ತೆ ಬಟ್ಟಲು ಮುಂದೆ ಚಾಚಿ, "ಇಷ್ಟು ಹೇಳೋಕೆ ನಲವತ್ತು ದಿನ ಬೇಕಾಯ್ತಾ ಈ ಮನುಷ್ಯಂಗೆ? ತಗೊಳ್ಳಿ, ಆರೋಗುತ್ತೆ" ಎಂದರು. ಅಷ್ಟೇ ಸಾಕಾಯಿತು. ತುರ್ದಿಅಲಿ ಮಾವ ಬೂಟು ಬಿಚ್ಚಿದರು. ಯಾರೋ ಅಂಗಿಜೇಬಿನಿಂದ, ಯಾರೋ ಜರ್ದಾಳು ಮರದ ಬುಡದಿಂದ, ಒಬ್ಬರಾದ ಮೇಲೊಬ್ಬರು ಬೋಕಿ ತಂದರು. ಕಟ್ಟೆ ತುಂಬಿ ಎರಡನೇ ಕಿಟಕಿ ತೆರೆಯಬೇಕಾಯಿತು. ಮೂರು ಕೆಟಲು ಚಹಾ ಖಾಲಿಯಾಯಿತು. ಹಲಗೆ ಈಗ ನೀರಿನ ಪೀಪಾಯಿಯ ಮುಚ್ಚಳವಾಗಿ, ಜೀವನದಲ್ಲಿ ಮೊದಲ ಬಾರಿಗೆ ಉಪಯೋಗಕ್ಕೆ ಬಂದಿದೆ. ಮೇಲೆ ಬೆಕ್ಕು ಮಲಗುತ್ತದೆ. ಕೊನೆಗೆ ಎಲ್ಲರೂ ನನ್ನ ಕಡೆ ನೋಡಿ, "ಎಲ್ಲಿ ಶಹ್ಲೋ, ನಿಂದು ತೆಗಿ" ಎಂದರು. ನಾನು ಎದೆಯ ಮೇಲೆ ಕೈಯಿಟ್ಟು, "ನಾನೇನೂ ಒಡೆದಿಲ್ಲ" ಎಂದೆ. ಅದು ನಿಜ. ಒಡೆದಿಲ್ಲ.

ಉಸ್ತಾ ನಿನ್ನೆಯಿಂದ ಎರಡು ಸಲ ಹೊಸ ಟೋಪಿ ಹಾಕಿಕೊಂಡು ಕೋಕಂದ್ ಬಸ್ಸು ಹಿಡಿಯಲು ಹೊರಟರು. ನಿನ್ನೆ ಈರುಳ್ಳಿ ತಂದರು, ಇವತ್ತು ಪೊರಕೆ. ಮಸ್ತೂರಾ ಅತ್ತೆ ಕೇಳಿದ್ದಕ್ಕೆ, "ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದರಂತೆ. ಆದರೆ ಒಂದು ಮಾತನ್ನು ಎಲ್ಲರೆದುರೂ ಹೇಳಿದ್ದಾರೆ: "ಅವಳು ಬಂದ್ರೆ ಆವಿಗೆ ಬೀಗದಕೈ ಅವಳ ಹತ್ರಾನೇ. ಅವಳು ಹೂಂ ಅನ್ನೋವರೆಗೂ ನಾನೂ ತೆಗೆಯಂಗಿಲ್ಲ, ಲಾರಿಯವನ ತಾತನೂ ತೆಗೆಸಂಗಿಲ್ಲ."

ಇದು ನನ್ನ ದೊಡ್ಡ ಬೇಡಿಕೆ: ಸೋಮವಾರದ ಮೊದಲು ಬನ್ನಿ. ನಿಮ್ಮ ಜಾಗದಲ್ಲಿ ಯಾರೂ ಕೂತಿಲ್ಲ. ನನ್ನ ದಾಳಿಂಬೆಗಳು ಮತ್ತೆ ಬದನೆಕಾಯಿಗಳಾಗುತ್ತಿವೆ, ತಿದ್ದುವವರಿಲ್ಲ. ಬಂದು ಬೈಯಿರಿ, ಬೆಕ್ಕನ್ನು ಬೇಕಾದರೆ ಹೊರಗೆ ಕಳಿಸುತ್ತೇನೆ, ಈ ಸಲ ನಿಮ್ಮನ್ನೇ ನೋಡುತ್ತಾ ನಿಲ್ಲುತ್ತೇನೆ.

ಎಂಟನೆಯ ಬಟ್ಟಲು ಒಡೆಯದ ನಿಮ್ಮ
ಶಹ್ಲೋ

ಮರೆತ ಮಾತು: ಮರೆತಿರಲಿಲ್ಲ, ಧೈರ್ಯ ಬರಲಿ ಎಂದು ಕಾಯುತ್ತಿದ್ದೆ. ನೀವು ರೊಟ್ಟಿ ಕಚ್ಚಲಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಹುಬ್ಬು ಇಳಿಸಬಹುದು. ಆ ಕಚ್ಚಿನ ನಡುವೆ ಕಡಲೆಯಷ್ಟು ರೊಟ್ಟಿ ಕಚ್ಚದೆ ಉಳಿದುಕೊಂಡಿದೆ. ಇಡೀ ರಿಷ್ಟಾನಿನಲ್ಲಿ ಮುಂದಿನ ಹಲ್ಲುಗಳ ನಡುವೆ ಅಷ್ಟು ಅಗಲದ ಸಂದು ಯಾರಿಗಿದೆ ಎಂಬುದೂ ನಿಮಗೆ ಗೊತ್ತು. ಆ ದಿನ ನಿಮ್ಮ ಪರವಾಗಿ ಬಾಯಿ ತೆರೆಯಲಾಗಲಿಲ್ಲ; ಸಂಜೆ ಎಲ್ಲರೂ ಹೋದಮೇಲೆ ರೊಟ್ಟಿಯ ಮುಂದೆ ತೆರೆದೆ. ಆದ್ದರಿಂದ ನಿಮ್ಮ ಮೇಲೆ ಯಾವ ರೊಟ್ಟಿಯ ಹಂಗೂ ಇಲ್ಲ ಅಕ್ಕಾ. ಬರದಿದ್ದರೂ ರೊಟ್ಟಿಗೆ ಕೊಟ್ಟ ಮಾತಿಗೆ ತಪ್ಪಿದ ಹಾಗಾಗುವುದಿಲ್ಲ. ಬರುವುದಾದರೆ ಸುಮ್ಮನೆ ಬನ್ನಿ. ನಾಳೆ ಚಹಾ ಹೊತ್ತಿಗೆ ನಾನು ಕಟ್ಟೆಯ ಮುಂದೆ ನಿಂತು "ಕಚ್ಚಿದ್ದು ನಾನು" ಎಂದು ಹೇಳುತ್ತೇನೆ. ಉಸ್ತಾ ಕಿವಿ ಹಿಂಡಬಹುದು, ಚಹಾ ಕೊಡಲೂಬಹುದು. ರೊಟ್ಟಿ ಬಿಸಿಯಾಗಿತ್ತು, ಎಳ್ಳು ಬೇರೆ ಹಾಕಿದ್ದರು. ನಿಜ ಹೇಳಬೇಕೆಂದರೆ ಮೊದಲನೆಯದನ್ನು ಪೂರ್ತಿ ತಿಂದುಬಿಟ್ಟೆ. ಮೊಳೆಯ ಮೇಲಿರುವುದು ಎರಡನೆಯದು.